ತವರಿನ ಕಾಯಿಲೆ ಮಗಳ ಜೊತೆ ಹೋಗುತ್ತದಾ?

ಪ್ರಶ್ನೆ: ನನಗೆ 34 ವರ್ಷ. ತವರು ಕೊಡಗಿನ ನಾಪೋಕ್ಲು ಹತ್ತಿರ, ಗಂಡನ ಮನೆ ಪೊನ್ನಂಪೇಟೆ ಕಡೆ. ಐದು ವರ್ಷದ ಮಗಳಿದ್ದಾಳೆ, ಇನ್ನೊಂದು ಮಗು ಬೇಕು ಅಂತಿದೆ. ಅಪ್ಪನಿಗೆ 58. ಎರಡೂ ಕಿಡ್ನಿ ತುಂಬ ನೀರಿನ ಗುಳ್ಳೆಗಳು, ಹೋದ ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ. ಅಪ್ಪನ ಅಪ್ಪ 49ಕ್ಕೇ ತಲೆಯಲ್ಲಿ ರಕ್ತಸ್ರಾವವಾಗಿ ತೀರಿಹೋದರಂತೆ. ಅಪ್ಪನಿಗೆ ಒಬ್ಬ ತಂಗಿ, ಮದುವೆಯಾಗಿ ಶನಿವಾರಸಂತೆ ಕಡೆ ಇದ್ದಾರೆ. ಈಗ ನನ್ನ ಅಣ್ಣನಿಗೂ ಸ್ಕ್ಯಾನಿಂಗಿನಲ್ಲಿ ಗುಳ್ಳೆ ಕಂಡಿದೆ. ಡಾಕ್ಟರು ‘ಪ್ರಬಲ ಆನುವಂಶಿಕ ಕಾಯಿಲೆ’ ಅಂದರು. ಮನೆಯ ಹಿರಿಯರು ‘ನೀನು ಬೇರೆ ಒಕ್ಕಕ್ಕೆ (ಮನೆತನಕ್ಕೆ) ಸೇರಿದವಳು, ನಮ್ಮ ಒಕ್ಕದ ಕಾಯಿಲೆ ನಿನಗೆ ಬರಲ್ಲ, ಇದು ಗಂಡಸರಿಗೆ ಮಾತ್ರ’ ಅನ್ನುತ್ತಾರೆ. ಕೆಲವರು ಗುರು ಕಾರೋಣರ, ಅಂದರೆ ಒಕ್ಕದ ಮೂಲ ಹಿರಿಯರ, ಕೋಪ ಅನ್ನುತ್ತಾರೆ. ಯಾವುದು ನಿಜ? ಪ್ರಬಲ ಅಂದಮೇಲೆ ಇದು ಹೆಚ್ಚುತ್ತಾ ಹೋಗಿ ಎಲ್ಲರಿಗೂ ಬರಬೇಕಲ್ವಾ? ಮೊದಲು ಇದು ಹುಟ್ಟಿದ್ದಾದರೂ ಎಲ್ಲಿಂದ? ಅಪ್ಪನಿಗೆ ನಾನು ಕಿಡ್ನಿ ಕೊಡಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವಸರ ಇರುವುದು ಅದಕ್ಕೇ. ಕಿಡ್ನಿ ಕೊಡುತ್ತೇನೆ ಅಂತ ಈಗಲೇ ಯಾರಿಗೂ ಮಾತು ಕೊಡಬೇಡಿ. ಕೊಡಲೇಬಾರದು ಅಂತ ಹೇಳುತ್ತಿಲ್ಲ. ಮೊದಲು ನಿಮ್ಮ ಕಿಡ್ನಿ ಹೇಗಿದೆ ಅಂತ ಗೊತ್ತಾಗಬೇಕು. ಹಿರಿಯರ ಮಾತು ತಪ್ಪು. ಹುಟ್ಟುವಾಗ ಈ ಕಾಯಿಲೆ ನಿಮ್ಮ ಅಣ್ಣನಿಗೆ ಬರುವ ಸಾಧ್ಯತೆ ಎಷ್ಟಿತ್ತೋ ನಿಮಗೂ ಅಷ್ಟೇ ಇತ್ತು.

ರಿಪೋರ್ಟುಗಳನ್ನು ನಾನು ನೋಡಿಲ್ಲ. ಆದರೆ ನೀವು ಬರೆದಿರುವುದನ್ನು ನೋಡಿದರೆ ಇದು ಆಟೋಸೋಮಲ್ ಡಾಮಿನೆಂಟ್ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ. ಹೆಸರು ಉದ್ದ, ಕಾಯಿಲೆ ಅಷ್ಟೇನೂ ಅಪರೂಪದ್ದಲ್ಲ. ಸಾವಿರ ಜನರಲ್ಲಿ ಒಬ್ಬರಿಗಾದರೂ ಇರುತ್ತದೆ. ಅಪ್ಪನಿಂದ ಬರುವ ಆನುವಂಶಿಕ ಕಾಯಿಲೆಗಳಲ್ಲಿ ನನ್ನ ಮುಂದೆ ಅತಿ ಹೆಚ್ಚು ಬಂದು ಕೂತಿರುವುದು ಇದೇ. ಅಮ್ಮನಿಂದಲೂ ಅಷ್ಟೇ ಬರುತ್ತದೆ, ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನೂ ಕೊಡಗಿನವನೇ. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ಬಂದಿತ್ತು. ತಂದೆ, ಇಬ್ಬರು ಗಂಡು ಮಕ್ಕಳು, ಜೊತೆಗೆ ಎಂಬತ್ತು ದಾಟಿದ ಅಜ್ಜಿ ಒಬ್ಬರು. ‘ನಿಮ್ಮ ವಂಶವೃಕ್ಷ ಬೇಕು’ ಅಂತ ಮೊದಲೇ ಹೇಳಿದ್ದೆ. ಅವರು ಹೆಮ್ಮೆಯಿಂದ ಒಂದು ಪುಸ್ತಕ ತಂದಿದ್ದರು. ಒಕ್ಕದ ಕೂಟಕ್ಕೆ ಅಚ್ಚು ಹಾಕಿಸಿದ್ದು. ಏಳು ತಲೆಮಾರು, ಎಲ್ಲ ಹೆಸರೂ ಇದೆ. ಐನ್‌ಮನೆಯ (ಒಕ್ಕದ ಮೂಲ ಮನೆ) ಗೋಡೆಯ ಮೇಲೂ ಅದೇ ಮರ ಕಟ್ಟು ಹಾಕಿಸಿ ಇಟ್ಟಿದ್ದಾರಂತೆ. ಬೇರೆ ಊರಿನ ಡಾಕ್ಟರಿಗೆ ಇಂಥ ದಾಖಲೆ ಸಿಕ್ಕರೆ ಹಬ್ಬ. ಆದರೆ ಅದರಲ್ಲಿ ಇದ್ದದ್ದು ಗಂಡಸರು ಮಾತ್ರ. ಹೆಣ್ಣು ಮಕ್ಕಳ ಹೆಸರು ಇದ್ದ ಕಡೆಯೂ ಗೆರೆ ಅಲ್ಲಿಗೇ ನಿಂತಿತ್ತು. ಮದುವೆಯಾಗಿ ಇನ್ನೊಂದು ಒಕ್ಕಕ್ಕೆ ಹೋದವರಲ್ವಾ, ಅವರ ಮಕ್ಕಳು ಆ ಒಕ್ಕದ ಮರದಲ್ಲಿ ಇರುತ್ತಾರೆ.

ನಾನು ಬಿಳಿ ಹಾಳೆಯಲ್ಲಿ ಹೊಸದಾಗಿ ಬರೆಯಲು ಕೂತೆ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು. ನಾಲ್ಕು ಚೌಕ ಕಪ್ಪಾದವು. ಅಜ್ಜಿ ಅಲ್ಲಿಯವರೆಗೂ ಸುಮ್ಮನೆ ನೋಡುತ್ತಿದ್ದರು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, ‘ಇಲ್ಲಿ ನನ್ನ ನಾದಿನಿ ಒಬ್ಬಳಿದ್ದಳು, ಅವಳನ್ನ ಹಾಕಿಯೇ ಇಲ್ಲ’ ಅಂದರು. ಆ ನಾದಿನಿ ‘ಬಿ.ಪಿ. ಏರಿ’ ತೀರಿಕೊಂಡವರು. ಅವರ ಮಗನಿಗೆ ಮೈಸೂರಿನಲ್ಲಿ ಡಯಾಲಿಸಿಸ್ ಆಗುತ್ತಿತ್ತು. ಇನ್ನೊಬ್ಬ ಮಗಳಿಗೆ ಬಸುರಿನಲ್ಲಿ ಬಿ.ಪಿ. ಜಾಸ್ತಿಯಾಗಿ ಕಷ್ಟವಾಗಿತ್ತು. ಈ ವಿಷಯಗಳೆಲ್ಲ ಎಲ್ಲರಿಗೂ ಬಿಡಿಬಿಡಿಯಾಗಿ ಗೊತ್ತಿದ್ದವು, ಬೇರೆ ಬೇರೆ ಮನೆಯ ಕಥೆಗಳಾಗಿ. ಒಂದೇ ಮರದಲ್ಲಿ ಯಾರೂ ಕೂಡಿಸಿ ನೋಡಿರಲಿಲ್ಲ.

‘ಗಂಡಸರಿಗೆ ಮಾತ್ರ’ ಅನ್ನುವ ನಂಬಿಕೆ ಹುಟ್ಟುವುದು ಹೀಗೆ. ಮರದಲ್ಲಿ ಗಂಡಸರನ್ನಷ್ಟೇ ಬರೆದರೆ ಕಾಯಿಲೆಯೂ ಗಂಡಸರಲ್ಲಷ್ಟೇ ಕಾಣುತ್ತದೆ.

ಈಗ ಒಳಗಿನ ಕೆಲಸ ನೋಡೋಣ. ನಮ್ಮ ಜೀವಕೋಶದಲ್ಲಿ 46 ವರ್ಣತಂತುಗಳಿವೆ (ಕ್ರೋಮೋಸೋಮ್), ಅಂದರೆ 23 ಜೊತೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪನದು, ಒಂದು ಅಮ್ಮನದು. (ನಮ್ಮ ತೋಟದ ಅರೇಬಿಕಾಗೆ 44, ನಮಗಿಂತ ಎರಡೇ ಕಮ್ಮಿ. ರೋಬಸ್ಟಾಗೆ 22. ಜಾಸ್ತಿ ಇದ್ದವರು ಜಾಣರು ಅಂತ ಏನೂ ಇಲ್ಲ.) ಆ ವರ್ಣತಂತುಗಳ ಮೇಲೆ ಸುಮಾರು 20,000 ಜೀನ್‌ಗಳು. ಹಾಗಾಗಿ ಹೆಚ್ಚುಕಮ್ಮಿ ಪ್ರತಿ ಜೀನ್‌ಗೂ ನಮ್ಮಲ್ಲಿ ಎರಡು ಪ್ರತಿ. ಮಗುವಿಗೆ ಕೊಡುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ. ಯಾವುದು ಹೋಗುತ್ತದೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ.

ನಿಮ್ಮ ಅಪ್ಪನಿಗೆ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಸರಿ ಇದೆ. ಅಣ್ಣ ಹುಟ್ಟುವಾಗ ನಾಣ್ಯ ಒಮ್ಮೆ ಚಿಮ್ಮಿತು, ಕೆಟ್ಟದ್ದು ಬಂತು. ನೀವು ಹುಟ್ಟುವಾಗ ಮತ್ತೆ ಚಿಮ್ಮಿತು. ‘ಇಬ್ಬರಲ್ಲಿ ಒಬ್ಬರಿಗೆ ಬಂದಾಯ್ತು, ಇನ್ನೊಬ್ಬರು ಪಾರು’ ಅಂತ ಲೆಕ್ಕ ಹಾಕುವವರಿದ್ದಾರೆ. ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತು ಅನ್ನುವ ನೆನಪು ಇರುವುದಿಲ್ಲ. ನಾಲ್ಕು ಮಕ್ಕಳಲ್ಲಿ ನಾಲ್ವರಿಗೂ ಬಂದ ಮನೆ ನೋಡಿದ್ದೇನೆ, ಒಬ್ಬರಿಗೂ ಬಾರದ ಮನೆಯನ್ನೂ ನೋಡಿದ್ದೇನೆ.

ಗಂಡು ಹೆಣ್ಣು ಭೇದ ಇರುವ ಕಾಯಿಲೆಗಳು ಇಲ್ಲವೇ ಇಲ್ಲ ಅಂತಲ್ಲ. ರಕ್ತ ಬೇಗ ಹೆಪ್ಪುಗಟ್ಟದ ಹಿಮೋಫಿಲಿಯಾ ಎಕ್ಸ್ ವರ್ಣತಂತುವಿನ ಮೇಲಿನ ಜೀನ್‌ನಿಂದ ಬರುತ್ತದೆ, ನರಳುವವರು ಬಹುತೇಕ ಗಂಡು ಮಕ್ಕಳೇ. ಆದರೆ ಅಪ್ಪ ಮಗನಿಗೆ ಎಕ್ಸ್ ಕೊಡುವುದೇ ಇಲ್ಲ, ವೈ ಕೊಡುತ್ತಾನೆ. ನಿಮ್ಮ ಮನೆಯಲ್ಲಿ ಕಾಯಿಲೆ ಅಪ್ಪನಿಂದ ಮಗನಿಗೆ ನೇರವಾಗಿ ಬಂದಿದೆ. ಇದೊಂದೇ ಸಾಕ್ಷಿ ಸಾಕು, ಎಕ್ಸ್ ಇದರಲ್ಲಿ ಭಾಗಿಯಲ್ಲ. ಈ ಕಾಯಿಲೆಯ ಜೀನ್‌ಗಳಲ್ಲಿ ಮುಖ್ಯವಾದವು ಎರಡು. ಪಿಕೆಡಿ1 ಇರುವುದು 16ನೇ ವರ್ಣತಂತುವಿನಲ್ಲಿ, ಪಿಕೆಡಿ2 ಇರುವುದು 4ನೆಯದರಲ್ಲಿ. ಎರಡೂ ಗಂಡು ಹೆಣ್ಣು ಇಬ್ಬರಲ್ಲೂ ಒಂದೇ ಥರ ಇರುವ ವರ್ಣತಂತುಗಳು.

ಇನ್ನು ‘ಪ್ರಬಲ’ ಅನ್ನುವ ಮಾತು. ಈ ಪದ ನಮ್ಮನ್ನು ದಾರಿ ತಪ್ಪಿಸಿದಷ್ಟು ಬೇರೆ ಯಾವುದೂ ತಪ್ಪಿಸಿಲ್ಲ. ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಬಗ್ಗೆ ಬರೆಯುವಾಗ, ಬೆರಕೆ ಗಿಡದಲ್ಲಿ ಎರಡು ಗುಣಗಳಲ್ಲಿ ಯಾವುದು ಹೊರಗೆ ಕಾಣುತ್ತದೋ ಅದಕ್ಕೆ ಇಟ್ಟ ಹೆಸರು ಅದು. ಅಷ್ಟೇ. ಬಲ, ಯುದ್ಧ, ಗೆಲುವು ಯಾವುದೂ ಅದರಲ್ಲಿಲ್ಲ.

ತೋಟದಲ್ಲಿ ಓಡಾಡುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಕಾವೇರಿ ತಳಿಯ ಕಾಫಿ ಗಿಡ ನೋಡಿದ್ದೀರಲ್ವಾ? ಪಕ್ಕದ ಎಸ್.795 ತಳಿ ಎತ್ತರಕ್ಕೆ ಹೋಗುತ್ತಿದ್ದರೆ ಇದು ಕುಳ್ಳಗೆ, ಗೆಣ್ಣು ಗೆಣ್ಣು ಹತ್ತಿರವಾಗಿ, ಪೊದೆಯ ಹಾಗೆ ಇರುತ್ತದೆ. ಆ ಕುಳ್ಳತನ ಬಂದದ್ದು ಕಟೂರಾ ಅನ್ನುವ ತಳಿಯಿಂದ. ಕಟೂರಾ ಹುಟ್ಟಿದ್ದು ಬ್ರೆಜಿಲ್‌ನಲ್ಲಿ, ಬೂರ್ಬೋನ್ ಅನ್ನುವ ಎತ್ತರದ ತಳಿಯಲ್ಲಿ ಒಂದು ಜೀನ್ ತಾನಾಗಿ ಬದಲಾಗಿ. ಆ ಬದಲಾವಣೆ ಪ್ರಬಲ. ಕುಳ್ಳ ಗಿಡವನ್ನು ಎತ್ತರದ ಗಿಡದ ಜೊತೆ ಬೆರಕೆ ಮಾಡಿದರೆ, ಒಂದೇ ಪ್ರತಿ ಸಿಕ್ಕಿದ ಸಸಿಯೂ ಕುಳ್ಳಗೇ ಆಗುತ್ತದೆ. ಹಾಗಂತ ಅದು ಪಕ್ಕದ ಎತ್ತರದ ಗಿಡಗಳನ್ನೆಲ್ಲ ಕುಳ್ಳು ಮಾಡುತ್ತದಾ? ಇಲ್ಲ. ಜೀನ್ ಯಾವ ಬೀಜಕ್ಕೆ ಹೋಯಿತೋ ಆ ಸಸಿಯಲ್ಲಿ ಮಾತ್ರ.

‘ಪ್ರಬಲವಾದರೆ ಎಲ್ಲರಿಗೂ ಹರಡಬೇಕಲ್ವಾ?’ ಅನ್ನುವ ನಿಮ್ಮ ಪ್ರಶ್ನೆ ದಡ್ಡ ಪ್ರಶ್ನೆ ಅಂದುಕೊಳ್ಳಬೇಡಿ. 1908ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಭೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಆಗ ಮನುಷ್ಯರಲ್ಲಿ ಪ್ರಬಲ ಅಂತ ಗುರುತಿಸಿದ ಮೊದಲ ಗುಣ ಗಿಡ್ಡ ಬೆರಳು. ಹಾಗಿದ್ದರೆ ಕಾಲ ಕಳೆದಂತೆ ಜನರಲ್ಲಿ ಮುಕ್ಕಾಲು ಪಾಲು ಗಿಡ್ಡ ಬೆರಳಿನವರೇ ಆಗಬೇಕಲ್ಲ ಅನ್ನುವ ವಾದ. ಪನ್ನೆಟ್ ಅನ್ನುವ ತಳಿವಿಜ್ಞಾನಿ ಉತ್ತರ ಹೊಳೆಯದೆ ತನ್ನ ಗೆಳೆಯ, ಗಣಿತಜ್ಞ ಹಾರ್ಡಿಯನ್ನು ಕೇಳಿದ. ಮುಂದೆ ನಮ್ಮ ರಾಮಾನುಜನ್‌ರನ್ನು ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಅದೇ ಹಾರ್ಡಿ. ಸರಳ ಗುಣಾಕಾರದಲ್ಲಿ ಉತ್ತರ ಹೇಳಿಬಿಟ್ಟ: ಹೊರಗಿನ ಒತ್ತಡ ಏನೂ ಇಲ್ಲದಿದ್ದರೆ ಜೀನ್‌ನ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಇದ್ದಷ್ಟೇ ಇರುತ್ತದೆ.

ನಿಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಕಾಯಿಲೆ ಇರುವ ಒಬ್ಬರಿಗೆ ಇಬ್ಬರು ಮಕ್ಕಳು ಅಂತಿಟ್ಟುಕೊಳ್ಳಿ. ಸರಾಸರಿ ಒಬ್ಬರಿಗೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ, ಆ ಒಬ್ಬರಿಂದ ಇನ್ನೊಬ್ಬರಿಗೆ. ಹೆಚ್ಚಲಿಲ್ಲ, ಕಮ್ಮಿಯೂ ಆಗಲಿಲ್ಲ. ಬಾರದ ಆ ಇನ್ನೊಬ್ಬರ ಮಕ್ಕಳು ಮೊಮ್ಮಕ್ಕಳು ಪೂರ್ತಿ ಪಾರು. ಅವರಲ್ಲಿ ಕೊಡಲು ಆ ಪ್ರತಿಯೇ ಇಲ್ಲ.

ದುರ್ಬಲ ಕಾಯಿಲೆಗಳ ದಾರಿ ಬೇರೆ. ನಮ್ಮ ಆಸುಪಾಸಿನ ವಯನಾಡು, ನೀಲಗಿರಿಯ ಬುಡಕಟ್ಟು ಜನರಲ್ಲಿ ಕಾಣುವ ಕುಡುಗೋಲು ಕಣ ರೋಗ (ಸಿಕಲ್ ಸೆಲ್) ಅಂಥದ್ದು. ಎರಡೂ ಪ್ರತಿ ಕೆಟ್ಟರೆ ಮಾತ್ರ ಕಾಯಿಲೆ. ಒಂದೇ ಕೆಟ್ಟವರು ಆರಾಮಾಗಿರುತ್ತಾರೆ, ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ‘ಒಂದೇ ಒಕ್ಕದಲ್ಲಿ ಮದುವೆ ಬೇಡ’ ಅನ್ನುವ ಕಟ್ಟುಪಾಡು ಇಂಥ ಕಾಯಿಲೆಗೆ ಸ್ವಲ್ಪ ತಡೆ ಹಾಕಬಹುದು. ಪ್ರಬಲ ಕಾಯಿಲೆಗೆ ಅದರಿಂದ ಏನೂ ಆಗುವುದಿಲ್ಲ. ನಿಮ್ಮ ಗಂಡ ಯಾವ ಒಕ್ಕದವರಾದರೂ ಒಂದೇ, ಪರದೇಶದವರಾದರೂ ಒಂದೇ.

ಹಾಗಾದರೆ ಒಂದು ಪ್ರತಿ ಸರಿ ಇದ್ದೂ ಯಾಕೆ ಸಾಕಾಗುವುದಿಲ್ಲ? ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆಲವು ಕಡೆ ಅರ್ಧ ಮಾಲು ಸಾಲುವುದಿಲ್ಲ. ವಂಶಪಾರಂಪರ್ಯ ಕೊಲೆಸ್ಟ್ರಾಲ್ ಕಾಯಿಲೆ ಅಂತ ಒಂದಿದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುವ ಕೊಂಡಿಗಳು ಲಿವರ್‌ನಲ್ಲಿ ಇರುತ್ತವೆ. ಒಂದು ಜೀನ್ ಕೆಟ್ಟರೆ ಕೊಂಡಿಗಳು ಅರ್ಧ. ಅರ್ಧ ಕೊಂಡಿಯಲ್ಲಿ ಕೆಲಸ ಸಾಗುವುದಿಲ್ಲ, ಕೊಲೆಸ್ಟ್ರಾಲ್ ಹುಟ್ಟಿನಿಂದಲೇ ಏರಿರುತ್ತದೆ. ನಲವತ್ತಕ್ಕೇ ಹಾರ್ಟ್ ಅಟ್ಯಾಕ್ ಆಗುವ ಮನೆತನಗಳಲ್ಲಿ ಎಷ್ಟೋ ಸಲ ಇದೇ ಕಾರಣ. ಇದನ್ನು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು.

ಇನ್ನು ಕೆಲವು ಕಡೆ ಕೆಟ್ಟದ್ದು ಒಳ್ಳೆಯದನ್ನೂ ಹಾಳು ಮಾಡುತ್ತದೆ. ಮೂಳೆಗೆ ಗಟ್ಟಿತನ ಕೊಡುವ ಕೊಲಾಜೆನ್ ಮೂರು ಎಳೆ ಹೊಸೆದ ಹಗ್ಗ. ಮೂರರಲ್ಲಿ ಎರಡು ಎಳೆ ಒಂದೇ ಜೀನ್‌ನಿಂದ ಬರುತ್ತವೆ. ಆ ಜೀನ್‌ನ ಒಂದು ಪ್ರತಿ ಕೆಟ್ಟ ಎಳೆ ಮಾಡುತ್ತಿದೆ ಅನ್ನಿ. ಅರ್ಧ ಎಳೆ ಕೆಟ್ಟದ್ದು, ಅರ್ಧ ಒಳ್ಳೆಯದು. ಎರಡೂ ಎಳೆ ಒಳ್ಳೆಯದೇ ಸಿಗುವ ಹಗ್ಗ ಎಷ್ಟು? ನಾಲ್ಕರಲ್ಲಿ ಒಂದು. ಉಳಿದ ಮುಕ್ಕಾಲು ಪಾಲು ಹಗ್ಗದಲ್ಲಿ ಒಂದಾದರೂ ಕೆಟ್ಟ ಎಳೆ ಸೇರಿಕೊಂಡಿರುತ್ತದೆ. ಸುಮ್ನೆ ಎಡವಿದರೂ ಮೂಳೆ ಮುರಿಯುವ ಕಾಯಿಲೆ ಇದು. ವಿಚಿತ್ರ ನೋಡಿ, ಆ ಕೆಟ್ಟ ಪ್ರತಿ ಎಳೆಯನ್ನೇ ಮಾಡದೆ ಸುಮ್ಮನಿದ್ದುಬಿಟ್ಟರೆ ಹಗ್ಗಗಳ ಸಂಖ್ಯೆ ಕಮ್ಮಿಯಾಗುತ್ತದೆ, ಆದರೆ ಇರುವ ಹಗ್ಗವೆಲ್ಲ ಗಟ್ಟಿ. ಅಂಥವರ ಕಾಯಿಲೆ ಎಷ್ಟೋ ಹಗುರ. ಕೆಟ್ಟ ಕೆಲಸ ಮಾಡುವ ಆಳಿಗಿಂತ ಕೆಲಸಕ್ಕೆ ಬಾರದ ಆಳೇ ವಾಸಿ ಅನ್ನುವ ಹಾಗೆ.

ಮೂರನೆಯದು, ಬದಲಾದ ಜೀನ್ ಮಾಡಬಾರದ್ದನ್ನು ಮಾಡುವುದು. ಎಫ್‌ಜಿಎಫ್‌ಆರ್3 ಅನ್ನುವ ಜೀನ್ ಮೂಳೆಯ ಬೆಳವಣಿಗೆಗೆ ಬ್ರೇಕ್. ಬೇಕಾದಾಗ ಒತ್ತಿ, ಬೇಡದಾಗ ಬಿಡಬೇಕು. ಜೀನ್‌ನ ಬರಹದಲ್ಲಿ ಒಂದು ಅಕ್ಷರ ಬದಲಾದರೆ ಬ್ರೇಕ್ ಒತ್ತಿದ ಹಾಗೇ ಸಿಕ್ಕಿಕೊಳ್ಳುತ್ತದೆ. ಜೀಪಿನ ಒಂದು ಚಕ್ರದ ಬ್ರೇಕ್ ಹಿಡಿದುಕೊಂಡರೆ ಉಳಿದವು ಸರಿ ಇದ್ದು ಏನು ಪ್ರಯೋಜನ? ಕೈಕಾಲು ಗಿಡ್ಡವಾಗುವ ಅಕಾಂಡ್ರೋಪ್ಲೇಸಿಯಾ ಬರುವುದು ಹೀಗೆ. ಹಂಟಿಂಗ್‌ಟನ್ ಕಾಯಿಲೆಯೂ ಈ ಗುಂಪಿನದೇ. ಅಲ್ಲಿ ಜೀನ್‌ನೊಳಗೆ ಸಿಎಜಿ ಅನ್ನುವ ಮೂರಕ್ಷರ ತೊದಲಿದ ಹಾಗೆ ಮತ್ತೆ ಮತ್ತೆ ಬರುತ್ತದೆ. 40 ಸಲ ಅಥವಾ ಅದಕ್ಕಿಂತ ಜಾಸ್ತಿಯಾದರೆ ಮಧ್ಯವಯಸ್ಸಿನಲ್ಲಿ ಮಿದುಳಿನ ಕೋಶಗಳು ಸಾಯತೊಡಗುತ್ತವೆ.

ನಿಮ್ಮ ಮನೆಯದು ನಾಲ್ಕನೆಯ ಬಗೆ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುವ ನಾಳಗಳಿವೆ. ಕಾಯಿಲೆ ಇರುವವರಲ್ಲಿ ಪ್ರತಿ ಕೋಶಕ್ಕೂ ಒಂದು ಒಳ್ಳೆಯ ಪ್ರತಿ ಇದ್ದೇ ಇರುತ್ತದೆ, ಬಹುಪಾಲು ನಾಳಗಳು ಅದರಲ್ಲೇ ನಡೆಸಿಕೊಂಡು ಹೋಗುತ್ತವೆ. ಆದರೆ ವರ್ಷಗಳು ಕಳೆದಂತೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಆ ಒಳ್ಳೆಯ ಪ್ರತಿಗೂ ಪೆಟ್ಟು ಬೀಳುತ್ತದೆ. ಆ ಕೋಶ ಬೆಳೆದು ನಾಳದ ಗೋಡೆ ಉಬ್ಬುತ್ತದೆ, ನೀರು ತುಂಬಿಕೊಂಡು ಗುಳ್ಳೆಯಾಗುತ್ತದೆ. ಗುಳ್ಳೆ ಆಗುವುದು ನೂರರಲ್ಲಿ ಕೆಲವೇ ನಾಳಗಳಲ್ಲಿ. ಹತ್ತು ಲಕ್ಷದಲ್ಲಿ ಅಷ್ಟಾದರೂ ಸಾವಿರಾರು ಗುಳ್ಳೆ ಅಲ್ವಾ? ಅವು ದೊಡ್ಡದಾಗುತ್ತಾ ಸುತ್ತಲಿನ ಒಳ್ಳೆಯ ಭಾಗವನ್ನು ಹಿಂಡಿಹಾಕುತ್ತವೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದಿರುವ ಕಿಡ್ನಿ ದ್ರಾಕ್ಷಿ ಗೊಂಚಲಿನ ಹಾಗಾಗಿ ಹೊಟ್ಟೆಯ ಅರ್ಧ ತುಂಬಿಕೊಳ್ಳುತ್ತದೆ. ಈ ಕಾಯಿಲೆ ಇಪ್ಪತ್ತರಲ್ಲಿ ಸದ್ದಿಲ್ಲದೆ ಇದ್ದು ಐವತ್ತರ ಮೇಲೆ ಕಿಡ್ನಿ ಕೈಕೊಡಲು ಕಾರಣವೂ ಇದೇ. ಆಗಲೇ ಮಕ್ಕಳಾಗಿರುತ್ತವೆ, ಜೀನ್ ಮುಂದಕ್ಕೆ ಹೋಗಿಯೂ ಆಗಿರುತ್ತದೆ.

‘ಮೊದಲು ಹುಟ್ಟಿದ್ದೆಲ್ಲಿಂದ?’ ಅಂತ ಕೇಳಿದ್ದೀರಿ. ಎಲ್ಲೋ ಒಬ್ಬ ಪೂರ್ವಜರಲ್ಲಿ, ಕಟೂರಾ ಗಿಡದಲ್ಲಿ ಆದ ಹಾಗೆಯೇ, ತಾನಾಗಿ. ನಮ್ಮ ಜೀನ್‌ಗಳ ಒಂದು ಸೆಟ್‌ನಲ್ಲಿ 300 ಕೋಟಿ ಅಕ್ಷರಗಳಿವೆ. ಅಷ್ಟನ್ನು ನಕಲು ಮಾಡುವಾಗ ಕಾಗುಣಿತದ ತಪ್ಪು ಆಗದೆ ಇರುತ್ತದಾ? ಹುಟ್ಟುವ ಪ್ರತಿ ಮಗುವಿನಲ್ಲೂ ಅಪ್ಪ ಅಮ್ಮನಲ್ಲಿ ಇಲ್ಲದ ಹತ್ತಾರು ಹೊಸ ತಪ್ಪುಗಳಿರುತ್ತವೆ. ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಬಹುತೇಕ ಯಾವ ತೊಂದರೆಯೂ ಕೊಡದವು. ಅಪರೂಪಕ್ಕೆ ಒಂದು ತಪ್ಪು ಮುಖ್ಯವಾದ ಜಾಗದಲ್ಲಿ ಬಿದ್ದರೆ ಆ ಮನೆತನದಲ್ಲಿ ಕಾಯಿಲೆ ಶುರು. ಹೊಸ ತಪ್ಪುಗಳಲ್ಲಿ ಜಾಸ್ತಿ ಪಾಲು ಅಪ್ಪನ ಕಡೆಯಿಂದ ಬರುತ್ತದೆ. ಅಂಡಾಣುಗಳು ಹೆಣ್ಣು ಮಗು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ವೀರ್ಯಾಣುಗಳು ಹಾಗಲ್ಲ, ಜೀವನಪೂರ್ತಿ ನಕಲು ಆಗುತ್ತಲೇ ಇರುತ್ತವೆ. ಅಪ್ಪನ ವಯಸ್ಸು ಏರಿದಂತೆ ತಪ್ಪೂ ಏರುತ್ತದೆ. ‘ಮಗು ಹೀಗಾಗಿದ್ದಕ್ಕೆ ಸೊಸೆಯೇ ಕಾರಣ’ ಅನ್ನುವ ಅತ್ತೆಯರಿಗೆ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ.

ಅಕಾಂಡ್ರೋಪ್ಲೇಸಿಯಾ ಇರುವವರಲ್ಲಿ ನೂರಕ್ಕೆ ಸುಮಾರು 80 ಜನರ ಅಪ್ಪ ಅಮ್ಮ ಸಾಮಾನ್ಯ ಎತ್ತರದವರೇ. ಮೈಮೇಲೆ ಹಾಲು ಕಾಫಿ ಬಣ್ಣದ ಮಚ್ಚೆಗಳು, ಚರ್ಮದಡಿ ಗಂಟುಗಳು ಬರುವ ನ್ಯೂರೋಫೈಬ್ರೊಮಟೋಸಿಸ್‌ನಲ್ಲಿ ಅರ್ಧದಷ್ಟು ಜನರದು ಹೊಸ ತಪ್ಪು. ಪಾಲಿಸಿಸ್ಟಿಕ್ ಕಿಡ್ನಿಯಲ್ಲಿ ಹೊಸದಾಗಿ ಶುರುವಾಗುವುದು ಹತ್ತರಲ್ಲಿ ಒಂದರಷ್ಟು. ನಿಮ್ಮದು ಆ ಗುಂಪಿನದಲ್ಲ. ಅಜ್ಜನ ತಲೆಯ ರಕ್ತಸ್ರಾವವನ್ನು ನೀವು ಸುಮ್ನೆ ಬರೆದಿದ್ದೀರಿ, ನನಗೆ ಅದೇ ಮುಖ್ಯ ಸುಳಿವು. ಈ ಕಾಯಿಲೆಯಲ್ಲಿ ಮಿದುಳಿನ ರಕ್ತನಾಳದಲ್ಲಿ ಪುಟ್ಟ ಬಲೂನಿನಂತೆ ಉಬ್ಬು ಬರುವುದು ಉಳಿದವರಿಗಿಂತ ಜಾಸ್ತಿ, ಹತ್ತರಲ್ಲಿ ಒಬ್ಬರಿಗೆ. ಅದು ಒಡೆದರೆ ನಿಮ್ಮ ಅಜ್ಜನ ಹಾಗೆ ಆಗುತ್ತದೆ. ಮನೆಯಲ್ಲಿ ಹೀಗೆ ಒಬ್ಬರಿಗಾದರೂ ಆಗಿದ್ದರೆ ಕಾಯಿಲೆ ಇರುವ ಉಳಿದವರಿಗೆ ಮಿದುಳಿನ ರಕ್ತನಾಳದ ಎಂಆರ್‌ಐ ಒಮ್ಮೆ ಮಾಡಿಸಬೇಕು. ನಿಮ್ಮ ಅಪ್ಪ, ಅಣ್ಣನ ಡಾಕ್ಟರಿಗೆ ಅಜ್ಜನ ವಿಷಯ ಹೇಳಿದ್ದೀರಾ? ಹೇಳಿರದಿದ್ದರೆ ಈ ವಾರವೇ ಹೇಳಿ.

ಕಾರೋಣರ ಕೋಪದ ವಿಷಯ. ಹಿರಿಯರಿಗೆ ಮೀದಿ (ಎಡೆ) ಇಡುವುದು ಬಿಡಬೇಡಿ, ನಮ್ಮ ಮನೆಯಲ್ಲೂ ಇಡುತ್ತೇವೆ. ಅವರೂ ಈ ಜೀನ್ ಹೊತ್ತು ನರಳಿದವರೇ, ಯಾರ ಮೇಲೆ ಕೋಪ ಮಾಡಿಕೊಳ್ಳುತ್ತಾರೆ?

ಈಗ ನೀವು ಮಾಡಬೇಕಾದದ್ದು. ಮೊದಲು ಒಂದು ಅಲ್ಟ್ರಾಸೌಂಡ್, ಜೊತೆಗೆ ಬಿ.ಪಿ., ಕ್ರಿಯಾಟಿನಿನ್ (ಕಿಡ್ನಿ ಹೇಗೆ ಸೋಸುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ. ಮಡಿಕೇರಿಯಲ್ಲೇ ಆಗುತ್ತದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಮನೆಯಲ್ಲಿ ಕಾಯಿಲೆ ಇರುವ 40ರೊಳಗಿನವರಿಗೆ ಎರಡೂ ಕಿಡ್ನಿ ಸೇರಿ ಮೂರು ಗುಳ್ಳೆ ಕಂಡರೆ ಕಾಯಿಲೆ ಇದೆ ಅಂತಲೇ ಲೆಕ್ಕ. ನಿಮ್ಮ ವಯಸ್ಸಿಗೆ ಒಂದೂ ಕಾಣಲಿಲ್ಲ ಅಂದರೆ ಬಹುಮಟ್ಟಿಗೆ ನೆಮ್ಮದಿಯಾಗಿರಬಹುದು. ಇಪ್ಪತ್ತರ ಹುಡುಗರಿಗೆ ಹಾಗೆ ಹೇಳಲಾಗದು, ಅವರಲ್ಲಿ ಗುಳ್ಳೆ ಇನ್ನೂ ಎದ್ದಿರದೆ ಇರಬಹುದು. ಹಾಗಾಗಿ ‘ನನಗೆ ಕಾಲೇಜಿನಲ್ಲಿದ್ದಾಗ ಸ್ಕ್ಯಾನ್ ಆಗಿತ್ತು, ಏನೂ ಇರಲಿಲ್ಲ’ ಅನ್ನುವ ಮಾತು ನಡೆಯುವುದಿಲ್ಲ.

ಕಿಡ್ನಿ ಕೊಡುವ ಯೋಚನೆ ಇದ್ದರೆ ಅಲ್ಟ್ರಾಸೌಂಡ್ ಒಂದೇ ಸಾಲದು. ಎಂಆರ್‌ಐ ಬೇಕು, ಜೀನ್ ಪರೀಕ್ಷೆಯೂ ಆದರೆ ಒಳ್ಳೆಯದು. ಜೀನ್ ಪರೀಕ್ಷೆಗೆ ಒಂದು ಕ್ರಮ ಇದೆ. ಮೊದಲು ಅಪ್ಪನ ಅಥವಾ ಅಣ್ಣನ ರಕ್ತದಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಬೇಕು, ಆಮೇಲೆ ಅದೇ ತಪ್ಪು ನಿಮ್ಮಲ್ಲಿ ಇದೆಯಾ ಅಂತ ನೋಡಬೇಕು. ನೇರವಾಗಿ ನಿಮ್ಮದನ್ನೇ ಪರೀಕ್ಷೆಗೆ ಕಳಿಸಿ ‘ಏನೂ ಸಿಗಲಿಲ್ಲ’ ಅಂತ ಬಂದರೆ ಅದಕ್ಕೆ ಅರ್ಥವಿಲ್ಲ. ಯಾಕೆಂದರೆ ಪಿಕೆಡಿ1 ಓದುವುದು ಕಷ್ಟ. ಅದೇ ವರ್ಣತಂತುವಿನಲ್ಲಿ ಅದರ ಹಾಗೇ ಕಾಣುವ ಆರು ನಕಲಿ ಜೀನ್‌ಗಳಿವೆ, ಸಾಮಾನ್ಯ ಪರೀಕ್ಷೆ ಗೊಂದಲ ಮಾಡಿಕೊಳ್ಳುತ್ತದೆ. ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರದಲ್ಲಿ, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ತಳಿವೈದ್ಯ ವಿಭಾಗದಲ್ಲಿ ಇಂಥ ಸಲಹೆ ಸಿಗುತ್ತದೆ. ಅಂದ ಹಾಗೆ, ಅಪ್ಪನಿಗೆ ಕಿಡ್ನಿ ಕೊಡಲು ನಿಮ್ಮ ಅಮ್ಮ ಕೂಡ ಒಂದು ದಾರಿ. ಈ ಜೀನ್ ಅಪ್ಪನ ಕಡೆಯದು, ಅಮ್ಮನ ಕಡೆ ಇರುವ ಸಾಧ್ಯತೆ ತೀರ ಕಮ್ಮಿ. ವಯಸ್ಸು, ಆರೋಗ್ಯ, ರಕ್ತದ ಗುಂಪು ಹೊಂದಿದರೆ ಅವರನ್ನೇ ಮೊದಲು ನೋಡಬಹುದು. ಜೊತೆಗೆ ರಾಜ್ಯದ ಅಂಗಾಂಗ ದಾನದ ಜೀವಸಾರ್ಥಕತೆ ಯೋಜನೆಯ ಪಟ್ಟಿಯಲ್ಲಿ ಅಪ್ಪನ ಹೆಸರು ಬರೆಸಿಡಿ.

ಮಗಳನ್ನು ಈಗ ಸ್ಕ್ಯಾನ್‌ಗೆ ಕರೆದುಕೊಂಡು ಹೋಗಬೇಡಿ. ನಿಮ್ಮಲ್ಲಿ ಇಲ್ಲ ಅಂತಾದರೆ ಅವಳಲ್ಲೂ ಇಲ್ಲ, ಕಥೆ ಅಲ್ಲಿಗೇ ಮುಗಿಯಿತು. ಈ ಕಾಯಿಲೆ ತಲೆಮಾರು ಬಿಟ್ಟು ಬರುವುದಿಲ್ಲ. ಬಿಟ್ಟ ಹಾಗೆ ಕಾಣುವ ಮನೆಗಳಲ್ಲಿ ನಡುವಿನವರು ಗೊತ್ತಾಗದೆಯೇ ಹೊತ್ತಿರುತ್ತಾರೆ, ಇಲ್ಲವೇ ಬೇರೆ ಕಾರಣಕ್ಕೆ ಬೇಗ ತೀರಿಹೋಗಿರುತ್ತಾರೆ. ನಿಮ್ಮಲ್ಲಿ ಇದೆ ಅಂತಾದರೆ ಮಗಳಿಗೆ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ, ಸಾಕು. ಉಳಿದದ್ದನ್ನು ಅವಳು ದೊಡ್ಡವಳಾಗಿ ತಾನೇ ನಿರ್ಧರಿಸಲಿ.

ಎರಡನೇ ಮಗುವಿಗೆ ಮೊದಲು ನಿಮ್ಮ ಪರೀಕ್ಷೆ ಮುಗಿದಿರಲಿ. ಕಾಯಿಲೆ ಇದ್ದರೂ ಕಿಡ್ನಿ, ಬಿ.ಪಿ. ಎರಡೂ ಸರಿ ಇರುವ ಹೆಂಗಸರು ಸಾಮಾನ್ಯವಾಗಿ ಆರಾಮಾಗಿ ಹೆರುತ್ತಾರೆ. ಆದರೆ ಬಸುರಿನಲ್ಲಿ ಬಿ.ಪಿ. ಏರುವ ಸಾಧ್ಯತೆ ಜಾಸ್ತಿ, ನಿಗಾ ಬೇಕು. ಈ ಕಾಯಿಲೆಗೆ ಕೊಡುವ ಬಿ.ಪಿ. ಮಾತ್ರೆಗಳಲ್ಲಿ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಥರದವು ಕಿಡ್ನಿಗೆ ಒಳ್ಳೆಯದು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಅಣ್ಣನ ಮಾತ್ರೆಯನ್ನು ನೀವು ನುಂಗಬೇಡಿ. ಐವಿಎಫ್‌ನಲ್ಲಿ ಭ್ರೂಣದ ಜೀನ್ ನೋಡಿ ಒಳಗಿಡುವ ದಾರಿಯೂ ಇದೆ. ಖರ್ಚು ದೊಡ್ಡದು, ಎಲ್ಲರಿಗೂ ಬೇಕಾಗಿಯೂ ಇಲ್ಲ. ಐವತ್ತು ವರ್ಷ ಚೆನ್ನಾಗಿ ಬದುಕಿಸುವ ಕಾಯಿಲೆಗೆ ಅಷ್ಟು ಬೇಕಾ ಅನ್ನುವುದು ನಿಮ್ಮ, ನಿಮ್ಮ ಗಂಡನ ತೀರ್ಮಾನ.

ಅಣ್ಣನಿಗೆ ಹೇಳಿ: ಇಂದಿನಿಂದ ಬಿ.ಪಿ.ಯೇ ಅವರ ಕೆಲಸ. ಕಿಡ್ನಿ ಕೆಡುವುದಕ್ಕೆ ಎಷ್ಟೋ ವರ್ಷ ಮೊದಲೇ ಬಿ.ಪಿ. ಏರುತ್ತದೆ, ಏರಿದ ಬಿ.ಪಿ. ಕಿಡ್ನಿಯನ್ನು ಇನ್ನೂ ಬೇಗ ಕೆಡಿಸುತ್ತದೆ. ಉಪ್ಪು ಕಮ್ಮಿ ಮಾಡಲಿ, ಉಪ್ಪಿನಕಾಯಿ, ಒಣಮೀನು ಅಪರೂಪಕ್ಕಿರಲಿ. ನೀರು ಚೆನ್ನಾಗಿ ಕುಡಿಯಲಿ. (ಅಪ್ಪನಿಗೆ ಇದು ಅನ್ವಯಿಸುವುದಿಲ್ಲ, ಡಯಾಲಿಸಿಸ್‌ನಲ್ಲಿ ನೀರಿಗೆ ಲೆಕ್ಕ ಇರುತ್ತದೆ.) ತೋಟದಲ್ಲಿ ಕಪಾತು ಮಾಡಿ ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಲಿ. ಟೋಲ್ವಾಪ್ಟಾನ್ ಅನ್ನುವ ಔಷಧ ಗುಳ್ಳೆ ಬೆಳೆಯುವ ವೇಗ ತಗ್ಗಿಸುತ್ತದೆ, ಕಾಯಿಲೆ ಬೇಗ ಮುಂದುವರಿಯುತ್ತಿರುವ ಕೆಲವರಿಗೆ ಕೊಡುತ್ತಾರೆ. ಕಾಫಿ ಬಿಡಬೇಕಾ ಅಂತ ಕೇಳಿಯೇ ಕೇಳುತ್ತಾರೆ. ಮಿತವಾಗಿ ಕುಡಿದರೆ ಕೆಡುತ್ತದೆ ಅಂತ ಮನುಷ್ಯರಲ್ಲಿ ಸಾಬೀತಾಗಿಲ್ಲ, ಕುಡಿಯಲಿ.

ಒಂದೇ ತಪ್ಪು ಇದ್ದರೂ ಅಣ್ಣನಿಗೆ ಅಪ್ಪನ ಹಾಗೇ 57ಕ್ಕೆ ಡಯಾಲಿಸಿಸ್ ಆಗಲೇಬೇಕು ಅಂತಿಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ 50ಕ್ಕೆ, ಇನ್ನೊಬ್ಬರಿಗೆ 70ಕ್ಕೆ ಕಿಡ್ನಿ ನಿಂತದ್ದಿದೆ. ಉಳಿದ ಜೀನ್‌ಗಳು, ಬಿ.ಪಿ., ಅದೃಷ್ಟ ಎಲ್ಲವೂ ಕೈ ಹಾಕುತ್ತವೆ. ಬಿ.ಪಿ. ಒಂದು ಮಾತ್ರ ನಮ್ಮ ಹಿಡಿತದಲ್ಲಿದೆ.

ಕೊನೆಗೆ ಒಂದು ಮಾತು. ನಿಮ್ಮ ಸೋದರತ್ತೆ ಶನಿವಾರಸಂತೆ ಕಡೆ ಇದ್ದಾರೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಅವರ ಆರೋಗ್ಯ ಹೇಗಿದೆ, ಮಕ್ಕಳು ಎಷ್ಟು ಅಂತ ಒಂದು ಅಕ್ಷರವೂ ಇಲ್ಲ. ಅಜ್ಜನಿಂದ ಅವರಿಗೂ ನಾಣ್ಯ ಚಿಮ್ಮಿದೆ. ಹುತ್ತರಿ ಹಬ್ಬಕ್ಕೆ ತವರಿಗೆ ಬರುವವರೆಗೂ ಕಾಯಬೇಡಿ. ಇವತ್ತು ಸಂಜೆ ಫೋನ್ ಮಾಡಿ, ಕೊನೆಯ ಸಲ ಬಿ.ಪಿ. ನೋಡಿಸಿದ್ದು ಯಾವಾಗ ಅಂತ ಕೇಳಿ.